ಸಕ್ಕರೆ ಬಾಟಲಿ

ಮನೆಯಿಂದ,
ಮಾರ್ಚ್ ಹತ್ತು, ಭಾನುವಾರ

ನನ್ನ ಮುದ್ದು ಪುಟ್ಟೀ,

ನಿನ್ನ ಬೆನ್ನುನೋವು ಹೇಗಿದೆ? ನಿಂತೇ ಕೆಲಸ ಮಾಡಬೇಡ ಅಂದರೆ ಕೇಳುವವಳಲ್ಲ ನೀನು, ಅಪ್ಪನ ಮಗಳು. ನಾನು ಚೆನ್ನಾಗಿದ್ದೇನೆ. ಅಪ್ಪ ಊಟ ಬಿಟ್ಟಿದ್ದಾರೆ. ಬಲಗೈಯನ್ನು ಬೇರೆ ಯಾರದೋ ಎಂಬಂತೆ ತೊಡೆಯ ಮೇಲಿಟ್ಟುಕೊಂಡು ಕೂತಿರುತ್ತಾರೆ. ಪೊಲೀಸರು ಎರಡು ಸಲ ಬಂದು ಹೋದರು. ಫೋನಿನಲ್ಲಿ ನೀನು, "ಅಪ್ಪ ಬೇಕಂತಲೇ ಹೊಡೆದ್ರೇನಮ್ಮಾ?" ಅಂದೆಯಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಆ ಸಿನಿಮಾ ಬಂದಾಗ ನೀನಿನ್ನೂ ಹುಟ್ಟಿರಲಿಲ್ಲ. ಹೆಂಡದಂಗಡಿಯ ಹೊಡೆದಾಟದಲ್ಲಿ ಹೀರೋ ಕೈಯಿಂದ ತಲೆಗೆ ಬಾಟಲಿ ಒಡೆಸಿಕೊಳ್ಳುವುದು ಅಪ್ಪನ ಕೆಲಸ. ಸಕ್ಕರೆ ಪಾಕ ಅಚ್ಚಿಗೆ ಹೊಯ್ದು ಆ ಬಾಟಲಿ ಮಾಡುವುದು ನನ್ನ ಕೆಲಸ. ತಾಗಿದರೆ ಸಾಕು, ಪುಡಿಪುಡಿ. ಸ್ನಾನ ತಡವಾದರೆ ಅಪ್ಪನ ತಲೆಗೆ ಇರುವೆ ಮುತ್ತುತ್ತಿದ್ದವು, ಅದಕ್ಕೇ ಎಲ್ಲರ ಬಾಯಲ್ಲೂ ಬೆಲ್ಲಣ್ಣ. ಕೊನೆಯ ಬಾಟಲಿ ಮಾತ್ರ ಗಾಜಿನದಾಗಿತ್ತು. ನೆತ್ತಿ ಸೀಳಿತು, ಕಿವಿ ಹರಿದು ಜೋತುಬಿತ್ತು, ಬಿದ್ದಲ್ಲೇ ಕೈಕಾಲು ಬಡಿದುಕೊಂಡರು. ಕ್ಯಾಮೆರಾ ನಿಲ್ಲಲಿಲ್ಲ. ಅದನ್ನೇ ಟಿವಿಯವರು ವರ್ಷ ವರ್ಷ ಸಿನಿಮಾ ಬಿಡುಗಡೆಯಾದ ದಿನ ನಿಧಾನವಾಗಿ ತೋರಿಸಿದರು, ಜನ ಚಪ್ಪಾಳೆ ತಟ್ಟಿದರು. ಬಾಟಲಿ ಅದಲುಬದಲು ಮಾಡಿದ ದಡ್ಡಿ ನಾನೇ ಎಂದಾಯಿತು, ಕೆಲಸ ಹೋಯಿತು. ಆದರೂ ಆ ಕಿವುಡು ಕಿವಿಯ ಮನುಷ್ಯ "ನಿನ್ನ ತಪ್ಪೇ ಇರ್ಲಿ ಬಿಡು" ಎಂದು ನನ್ನನ್ನೇ ಮದುವೆಯಾದರು. ಆ ಮಾತು ನನ್ನನ್ನು ಒಳಗೊಳಗೇ ಕೊರೆಯಿತು ಮಗಳೇ.

ಮೊನ್ನೆ ಐವತ್ತನೇ ವರ್ಷದ ಸಂಭ್ರಮಕ್ಕೆ ಹೊಸ ತಮಾಷೆ ಹೂಡಿದರು: ಈ ಸಲ ಬೆಲ್ಲಣ್ಣನೇ ಹೀರೋ ತಲೆಗೆ ಬಾಟಲಿ ಒಡೆಯಬೇಕು. ಬಾಟಲಿ ನನ್ನಿಂದಲೇ ಮಾಡಿಸಿದರು. ವೇದಿಕೆಯ ಹಿಂದೆ ಹೀರೋ ಮುಖಕ್ಕೆ ಪೌಡರ್ ಹಚ್ಚಿಸಿಕೊಳ್ಳುತ್ತ ನನ್ನ ಕಡೆ ನೋಡಿ ನಕ್ಕ. "ಅವತ್ತು ಗಾಜು ಅಂತ ಗೊತ್ತಿತ್ತು ಕಣಮ್ಮ. ನಾನೇ ತಗೊಂಡಿದ್ದು. ನಿಜವಾದ ರಕ್ತ ಇಲ್ದಿದ್ರೆ ಇಷ್ಟು ವರ್ಷ ಯಾರು ನೋಡ್ತಿದ್ರು?" ಅಂದ. ಅಪ್ಪ ಪಕ್ಕದಲ್ಲೇ ಇದ್ದರು, ಕೆಟ್ಟ ಕಿವಿ ಅವನ ಕಡೆಗಿತ್ತು. ಏನೂ ಕೇಳಿಸದೆ ಅವರೂ ನಕ್ಕರು.

ವೇದಿಕೆಯಲ್ಲಿ ನಗುನಗುತ್ತಲೇ ಕೈ ಎತ್ತಿದರು. ಹಣೆಯ ಮೂಳೆ ಮುರಿದ ಸದ್ದು ಮೈಕಿನಲ್ಲಿ ಕೇಳಿಸಿತು. ಹೀರೋ ಕುಸಿದ, ಕಣ್ಣಗುಳಿಯಲ್ಲಿ ರಕ್ತ ತುಂಬಿತು. ಜನ ಎದ್ದು ನಿಂತು ಸಿಳ್ಳೆ ಹಾಕಿದರು. "ಇದು ಸಕ್ಕರೆ ಅಲ್ಲ, ಸಕ್ಕರೆ ಅಲ್ಲ!" ಎಂದು ಅಪ್ಪ ಕಿರುಚಿದರು, ಜನ ಅದನ್ನೂ ಡೈಲಾಗ್ ಎಂದುಕೊಂಡರು. ಅವನಿಗೆ ಇನ್ನೂ ಪ್ರಜ್ಞೆ ಬಂದಿಲ್ಲ. ಹಳೆಯ ಸೇಡು ಎಂದು ಅಪ್ಪನ ಮೇಲೆ ಕೇಸು ಹಾಕುತ್ತಾರಂತೆ. ನೀನು ನಂಬಬೇಡ. ಇರುವೆಯನ್ನೂ ಊದಿ ಓಡಿಸುತ್ತಿದ್ದ ಮನುಷ್ಯ ಅದು.

ಅಳಿಯನನ್ನು ಕೇಳಿದೆನೆಂದು ಹೇಳು. ನಿನ್ನ ಸಂಸಾರ ತಣ್ಣಗಿರಲಿ.

ನಿನ್ನ
ಅಮ್ಮ

ಮರೆತಿದ್ದೆ: ಕೂಡಲೇ ಹೊರಟು ಬಾ. ಅಚ್ಚು ತೆಗೆಯಲು ತಂದ ಗಾಜಿನ ಬಾಟಲಿ ನನ್ನ ಚೀಲದಲ್ಲೇ ಇತ್ತು. ಅದನ್ನೇ ಅಪ್ಪನ ಕೈಗೆ ಕೊಟ್ಟೆ. ನಾನು ಕೊಟ್ಟದ್ದೆಂದು ತೂಕವನ್ನೂ ನೋಡದೆ ಎತ್ತಿದರು. ಅವನ ತಲೆ ಒಡೆದದ್ದಕ್ಕೆ ನನಗೆ ದುಃಖವಿಲ್ಲ, ಅಪ್ಪನ ಕೈಯಿಂದ ಒಡೆಸಿದೆನಲ್ಲ, ಅದಕ್ಕೆ. ಈ ಕಾಗದ ಅಂಚೆ ಡಬ್ಬಕ್ಕೆ ಹಾಕಿ ಸೀದಾ ಠಾಣೆಗೆ ಹೋಗುತ್ತೇನೆ. ಅಪ್ಪ ಬೆಳಗಿನಿಂದ ನನಗೇ ಸಮಾಧಾನ ಹೇಳುತ್ತಿದ್ದಾರೆ. ಅವರಿಗೆ ನೀನೇ ಹೇಳು, ನನ್ನಿಂದಾಗಲಿಲ್ಲ.