ಹೊಳೆಬಾಗಿಲು

ಡೋಣಿಹಾಳ, ತಾ. ಮುದ್ದೇಬಿಹಾಳ
ದಿ. ೨೦-೧೧-೧೯೭೪

ತಾಂಬಾದ ಬೀಗತಿ ಗುಂಡವ್ವನಿಗೆ, ಡೋಣಿಹಾಳದ ಹುಡೇದ ಮನೆಯ ಕಾಶಿಬಾಯಿ ಬರೆಯುವುದು.

ನಾನು ಯಾರೆಂದು ಮೊದಲು ಹೇಳಿಯೇ ಮುಂದಿನದನ್ನು ಬರೆಯುತ್ತೇನೆ. ಈ ಮೂರು ತಿಂಗಳಲ್ಲಿ ನನ್ನ ಬಗ್ಗೆ ನಿನ್ನ ಕಿವಿಗೆ ಬಿದ್ದಿರುವುದನ್ನೆಲ್ಲ ನೆನೆದರೆ ನೀನು ಮರೆತಿದ್ದರೂ ಮರೆತಿರಬಹುದು. ಯಾವ ದಾರಿಯಿಂದ ಬಂದರೂ ಈ ಊರಿನಲ್ಲಿ ಮೊದಲು ಕಾಣುವುದು ನಮ್ಮ ಹುಡೆ. ಹಿಂದಿನವರು ಕಾವಲಿಗೆಂದು ಕಟ್ಟಿದ ಆ ಕಲ್ಲಿನ ಬುರುಜಿನಿಂದಲೇ ನಮ್ಮ ಮನೆಗೆ ಹೆಸರು. ಯಜಮಾನರು ಲಕ್ವ ಹೊಡೆದು ಹಾಸಿಗೆ ಹಿಡಿದ ಮೇಲೆ ಮನೆ, ಹೊಲ, ಆಳುಕಾಳು ಎಲ್ಲವೂ ನನ್ನ ಮಾತಿನ ಮೇಲೆ ನಡೆದಿವೆ. ಪುರಸಭೆಯಲ್ಲಿ ಗಂಡಸರ ನಡುವೆ ಒಂದು ಕುರ್ಚಿ ನನ್ನದು. ವಿಜಾಪುರದ ಸಾಲೆಯಲ್ಲಿ ನಿನ್ನ ಪಕ್ಕದಲ್ಲೇ ಕೂತು ಮ್ಯಾಟ್ರಿಕ್ ತನಕ ಓದಿದವಳು ನಾನು. ನನ್ನ ಮಾತನ್ನು ಬೇರೆಯವರ ಕೈಯಿಂದ ಬರೆಸುವ ಗರಜು ನನಗಿಲ್ಲ.

ನಿನ್ನ ಮಗಳು, ನನ್ನ ಸೊಸೆ ರೇವವ್ವನ ಮಣ್ಣಿಗೆ ಬಂದಾಗ ನೀನು ನಮ್ಮ ಮನೆಯ ನೀರು ಮುಟ್ಟಲಿಲ್ಲ. ಪಡಸಾಲೆಯ ಕಂಬಕ್ಕೆ ಬೆನ್ನು ಹಚ್ಚಿ ಕೂತವಳು ಒಂದೇ ಮಾತು ಕೇಳಿದೆ: “ಕಾಶೀ, ಹೊಳಿ ಬರಾಕತ್ತೈತಿ ಅಂತ ನನ್ನ ಮಗಳಿಗೆ ಯಾರೂ ಹೇಳಲಿಲ್ಲೇನ?” ನಾನು ಸುಮ್ಮನಿದ್ದೆ. ಪುರಸಭೆಯ ಅಧ್ಯಕ್ಷ ಚಂದಪ್ಪ ಬಾಗಿಲಲ್ಲಿ ನಿಂತು ನನ್ನ ಬಾಯನ್ನೇ ನೋಡುತ್ತಿದ್ದ. ನನ್ನ ಮೌನಕ್ಕೆ ನಿನಗೆ ತಿಳಿದ ಅರ್ಥ ಕಟ್ಟಿಕೊಂಡು ನೀನು ಬಸ್ಸು ಹತ್ತಿದೆ. ಆಮೇಲೆ ಎಷ್ಟು ಬರೆದರೂ ನಿನ್ನಿಂದ ಉತ್ತರವಿಲ್ಲ. ಈಗ ಇಂಡಿಯ ಸಂತೆಯಲ್ಲಿ ನಿನ್ನ ಕಡೆಯವರು “ಕಾಶಿಬಾಯಿ ಸಾಹೇಬರ ಮುಂದ ಸತ್ತ ಸೊಸಿ ಮ್ಯಾಲ ತಪ್ಪ ಹೊರಿಸ್ಯಾಳ” ಎಂದು ಆಡಿಕೊಳ್ಳುತ್ತಿದ್ದಾರಂತೆ. ವಿಚಾರಣೆಗೆ ಬಂದ ವಿಜಾಪುರದ ಸಾಹೇಬರ ಮುಂದೆ ನಾನೊಂದು ಮಾತು ಹೇಳಿದ್ದು ಹೌದು. ಅದನ್ನು ನೀನು ನನ್ನ ಬಾಯಿಂದ ಕೇಳಬೇಕು. ಅದಕ್ಕೇ ಈ ಪತ್ರ.

ನಮ್ಮ ಡೋಣಿಯನ್ನು ನೀನು ನೋಡಿದ್ದೀಯ. ಬೇಸಿಗೆಯಲ್ಲಿ ಕೋಳಿಮರಿಯೂ ದಾಟುವ ಹೊಳೆ, ನೀರು ಬಾಯಿಗಿಟ್ಟರೆ ಉಪ್ಪು. ಆದರೆ ಇಲ್ಲಿ ಒಂದು ಹನಿ ಬೀಳದಿದ್ದರೂ ಮೇಲೆಲ್ಲೋ ಮಳೆಯಾದರೆ ಒಮ್ಮೆಲೇ ಮೈತುಂಬಿ ಬಂದುಬಿಡುತ್ತದೆ. ತಗ್ಗಿನ ಸೇತುವೆ ಮುಳುಗಿ, ಹೊಲಕ್ಕೆ ಹೋದವರು ಆಚೆ ದಂಡೆಯಲ್ಲಿ ಸಿಕ್ಕಿಬೀಳುತ್ತಾರೆ. ದನಕರು ತೇಲಿಹೋಗುತ್ತವೆ. ಅದಕ್ಕಾಗಿ ಪುರಸಭೆಯಿಂದ ಸರಕಾರಕ್ಕೆ ಅನುದಾನ ಕೇಳಿದೆವು. ಮೇಲಿನ ಊರುಗಳಿಂದ ಸುದ್ದಿ ತರುವ ಟೆಲಿಫೋನು, ಊರಿಗೆಲ್ಲ ಕೇಳುವಂತೆ ಕೂಗುವ ಭೋಂಗಾ, ಹರಿಗೋಲು, ಹಗ್ಗ, ಗ್ಯಾಸಬತ್ತಿ, ಇವನ್ನೆಲ್ಲ ಇಟ್ಟುಕೊಂಡು ಹಗಲಿರುಳು ಎಚ್ಚರಿರುವ ಒಬ್ಬ ಮನುಷ್ಯ, ಅವನಿಗೊಂದು ಖೋಲಿ. ಅರ್ಜಿಯಲ್ಲಿ ‘ಆಪತ್ಕಾಲದ ನಿಯಂತ್ರಣ ಕೇಂದ್ರ’ ಎಂದು ಬರೆದೆ. ಜನರ ಬಾಯಲ್ಲಿ ಅದು ಭೋಂಗಾದ ಖೋಲಿ ಆಯಿತು. ಅರ್ಜಿ ಬರೆದವಳು ನಾನು, ಅದರ ಹಿಂದೆ ವಿಜಾಪುರಕ್ಕೆ ಅಲೆದವಳೂ ನಾನು. ಅಧ್ಯಕ್ಷರನ್ನು ವರಾಂಡದಲ್ಲಿ ಕೂಡಿಸುವ ಸಾಹೇಬರು ನನಗೆ ಒಳಗೆ ಕುರ್ಚಿ ಹಾಕಿಸುತ್ತಿದ್ದರು.

ಇನ್ನೊಂದು ವಿಷಯ. ಇದು ನಿಮ್ಮ ಕಡೆ ಇಲ್ಲದ ರೀತಿ. ಡೋಣಿಗೆ ಹೊಸ ನೀರು ಬಂದಾಗ ಊರ ಹೆಂಗಸರು ಹೊಳೆಗೆ ಉಡಿ ತುಂಬುತ್ತಾರೆ. ಮೊದಲ ಉಡಿ ನಮ್ಮ ಮನೆಯದು. ನಮ್ಮ ಹಿತ್ತಲ ಗೋಡೆಗೆ ಒಂದು ಸಣ್ಣ ಬಾಗಿಲಿತ್ತು, ಹೊಳೆಬಾಗಿಲು ಎನ್ನುತ್ತೇವೆ. ಅಲ್ಲಿಂದ ಪಾವಟಿಗೆಯ ಮೆಟ್ಟಿಲು ಇಳಿದು, ಕೇರುವ ಬಿದಿರಿನ ಮರದಲ್ಲಿ ಅಕ್ಕಿ, ಕೊಬ್ಬರಿ, ಖಣ, ಬಳೆ ಇಟ್ಟು ನೀರಿಗೆ ಬಿಡುತ್ತೇವೆ. ಆ ಮರ ತೇಲಿ ಹೋಗುವ ತನಕ ಊರಿನ ಇನ್ನಾವ ಹೆಣ್ಣೂ ನೀರಿಗೆ ಕಾಲಿಡುವಂತಿಲ್ಲ. ಅತ್ತೆಯ ಕೈಯಿಂದ ಆ ಮಾನ ನನಗೆ ಬಂತು. ಬಂದಂದಿನಿಂದ ಯಾರಿಗೂ ಬಿಟ್ಟುಕೊಟ್ಟಿರಲಿಲ್ಲ. ಹೋದ ವರ್ಷ ನನ್ನ ಮೊಣಕಾಲು ಬಾತು ಕುಂಬಳಕಾಯಿಯಾಗಿತ್ತು. ರೇವವ್ವ ಅಡ್ಡ ನಿಂತು, “ಅತ್ತೀ, ಹಟಕ್ಕೂ ಒಂದ ವಯಸ್ಸೈತ್ರಿ. ಕೊಡ್ರಿ ಇತ್ತ” ಎಂದು ಮರಕ್ಕೆ ಕೈ ಹಾಕಿದಳು. ನಾನು ಕೊಡಲಿಲ್ಲ. ಕೆಳಗಿನ ಪಾವಟಿಗೆಯಲ್ಲಿ ಜಾರಿ ಕೂತುಬಿಟ್ಟೆ. ಆಕೆ ಓಡಿ ಬಂದು ರಟ್ಟೆ ಹಿಡಿದು ಎತ್ತಿ, ನಗು ತಡೆಯಲಾರದೆ, “ಹೊಳಿಗೆ ಉಡಿ ಕೊಟ್ಟ ಬರ್ರಿ ಅಂದ್ರ ನೀವ ಹೊಂಟಿದ್ರೇನ?” ಎಂದಳು. ಆ ಮಾತಿಗೆ ಅಂದು ನಾನು ಇಡೀ ದಿನ ಮುಖ ಗಂಟಿಕ್ಕಿಕೊಂಡಿದ್ದೆ.

ಶ್ರಾವಣದ ಆ ಸೋಮವಾರ ಬೆಳಗಿನ ಬಸ್ಸಿಗೆ ನಾನು ವಿಜಾಪುರಕ್ಕೆ ಹೋದೆ. ಸಾಹೇಬರು ಅರ್ಜಿ ತಿರುವಿ ನೋಡಿ, ಜೀವಹಾನಿ ಆದ ಊರುಗಳಿಗೆ ಮೊದಲ ಪಾಳಿ ಎಂದೂ, ನಿಮ್ಮಲ್ಲಿ ಅಂಥದ್ದು ದಾಖಲೆಯಲ್ಲಿಲ್ಲ ಎಂದೂ ಹೇಳಿದರು. “ಹಂಗಾರ ಒಬ್ಬರು ಸಾಯೂ ತನಕ ಕಾಯಬೇಕೇನ್ರಿ ಸಾಹೇಬ್ರ?” ಎಂದು ಕೇಳಿ ಎದ್ದು ಬಂದೆ. ಒಳ್ಳೆಯ ಮಾತು ಬಿಟ್ಟು ಬಂದೆ ಎಂಬ ಬಿಗುಮಾನದಲ್ಲೇ ದಾರಿಯುದ್ದಕ್ಕೂ ಕೂತಿದ್ದೆ. ಸಂಜೆ ನಮ್ಮೂರಲ್ಲಿ ಬಸ್ಸು ಇಳಿದರೆ ಯಾರೂ ನನ್ನ ಮುಖ ನೋಡಲೊಲ್ಲರು.

ಈಗ ನಿನ್ನ ಪ್ರಶ್ನೆಗೆ ಉತ್ತರ. ಹೇಳಿದ್ದರು, ಗುಂಡವ್ವ. ನಿನ್ನ ಮಗಳಿಗೆ ಹೇಳಿದ್ದರು.

ಸೇತುವೆ ಕಾಯುವ ನಮ್ಮ ಮೈಬೂಬ ಮೇಲಿಂದ ಕೆಂಪು ನೀರು ಬರುವುದನ್ನು ಕಂಡವನೇ, ಬೇವಿನ ಗಿಡಕ್ಕೆ ನೇತುಹಾಕಿದ ರೈಲಿನ ಕಬ್ಬಿಣದ ತುಂಡನ್ನು ಬಡಿಯತೊಡಗಿದ. ಊರಿಗೆ ಊರೇ ಕೇಳಿತು. ನಾನು ಹೋದ ಮೇಲೆ ಬಂದ ಹೊಸ ನೀರಿಗೆ ಉಡಿ ತುಂಬಲು ದಂಡೆಗೆ ಬಂದಿದ್ದ ಹೆಂಗಸರೆಲ್ಲ ಹಿಂದೆ ಸರಿದು ಎತ್ತರಕ್ಕೆ ಹೋಗಿ ನಿಂತರು. ಆಗಲೇ ನಮ್ಮ ಹೊಳೆಬಾಗಿಲು ತೆರೆಯಿತು. ರೇವವ್ವ ಮರ ಹಿಡಿದು ಹೊರಗೆ ಬಂದಳು. ಮೈಬೂಬ ಬಡಿಯುವುದನ್ನು ಬಿಟ್ಟು, “ಇಳೀಬ್ಯಾಡ ತಂಗೀ” ಎಂದು ಕೂಗುತ್ತ ಓಡಿದ. ಪಾವಟಿಗೆಯ ಮೇಲೆ ಆಕೆಯನ್ನು ಅಡ್ಡಗಟ್ಟಿದ. ಆಕೆ ಏನೋ ಹೇಳಿ, ಅವನನ್ನು ದಾಟಿಕೊಂಡು ಇಳಿದಳು. ಬಾಗಿ ಮರವನ್ನು ನೀರಿಗೆ ಬಿಟ್ಟಳು. ಎದ್ದು ತಿರುಗುವಷ್ಟರಲ್ಲಿ ಪಾವಟಿಗೆಯ ಕೆಳಗಿನ ಎರೆಮಣ್ಣು ಕುಸಿಯಿತು. ಮೈಬೂಬ ಜಿಗಿದ. ಅವನ ಕೈಗೆ ಸೆರಗಿನ ಅಂಚು ಸಿಕ್ಕಿತ್ತಂತೆ. ಅದು ಹರಿಯಿತು. ಮರುದಿನ ಕೆಳಗಿನ ಊರಿನವರಿಗೆ ಜಾಲಿಕಂಟಿಯಲ್ಲಿ ನಮ್ಮ ರೇವವ್ವ ಸಿಕ್ಕಳು. ಆಮೇಲಿನದು ನೀನೇ ನೋಡಿದ್ದೀಯ.

ಮಣ್ಣಾದ ಕೆಲವು ವಾರಕ್ಕೆ ವಿಜಾಪುರದಿಂದ ಕಾಗದ ಬಂತು: ಜೀವಹಾನಿಯ ವಿಚಾರಣೆಗೆ ಸಾಹೇಬರು ತಾವೇ ಬರುತ್ತಾರೆ. ಚಂದಪ್ಪ ಹಿಂದಿನ ದಿನವೇ ನಮ್ಮ ಪಡಸಾಲೆಯಲ್ಲಿ ಬಂದು ಕೂತ. “ಗೌಡಶಾನಿ, ದುಃಖದಾಗ ಇದ್ದೀರಿ, ಖರೆ. ಆದ್ರ ಊರಿಗೆ ಇಂಥಾ ವ್ಯಾಳೆ ಮತ್ತ ಬರೂದಿಲ್ರಿ. ಸುದ್ದಿ ಮುಟ್ಟಲಿಲ್ಲ, ಅದಕ್ಕ ಜೀವ ಹೋತು ಅಂತ ನೀವು ಒಂದ ಮಾತ ಹೇಳ್ರಿ. ಭೋಂಗಾ ನಾಳೆ ಬರ್ತೈತಿ” ಎಂದ. ಹಾಗಾದರೆ ಮೈಬೂಬ ಕಬ್ಬಿಣ ಬಡಿಯಲಿಲ್ಲ ಎಂದು ಬರೆಸಬೇಕೇ ಎಂದೆ. “ಬರಸೂಣು ಬಿಡ್ರಿ. ಕಾವಲುಗಾರ ಆ ಹೊತ್ತಿನಾಗ ಜಾಗಾದಾಗ ಇರಲಿಲ್ಲ ಅಂತ ಬರಸೂಣು. ಅವನ ನೌಕರಿ ಹೋಗ್ತೈತಿ ಅಷ್ಟ, ಕೊರಳೇನ ಹೋಗೂದಿಲ್ಲ” ಎಂದ.

ಗೋಡೆಗೆ ಕಿವಿ ಇದ್ದವೋ ಏನೋ, ಅವನು ಎದ್ದು ಹೋಗುವುದರೊಳಗೆ ಮೈಬೂಬನ ಹೆಂಡತಿ ಸಗೀರಾ ಅಂಗಳಕ್ಕೆ ಬಂದಳು. ನಮ್ಮ ಅಂಗಳದಲ್ಲಿ ದನಿ ಎತ್ತಿದ ಹೆಣ್ಣು ನಾನು ಬಂದಾಗಿನಿಂದ ಇಲ್ಲ. ಸಗೀರಾ ಎತ್ತಿದಳು. ಗಂಡನನ್ನು ಕೈ ಹಿಡಿದು ಎಳೆದು ತಂದಿದ್ದಳು. ಅವನ ಅಂಗೈ ಬಿಚ್ಚಿ ನನ್ನ ಮುಖಕ್ಕೆ ಹಿಡಿದು, “ನೋಡ್ರಿ ಅವ್ವಾರ, ಇದು ನಿದ್ದಿ ಮಾಡಿದವನ ಕೈ ಏನ್ರಿ? ನಿಮ್ಮ ಸೊಸಿ ಸಲುವಾಗಿ ಜಿಗದವನ್ನ ಕಳ್ಳನ್ನ ಮಾಡ್ತೀರೇನ್ರಿ?” ಎಂದಳು. ಕಬ್ಬಿಣ ಬಡಿದು ಆ ಅಂಗೈ ಒಡೆದು, ಗಾಯ ಇನ್ನೂ ಕೂಡಿರಲಿಲ್ಲ. ಮೈಬೂಬ ತಲೆ ಎತ್ತಲಿಲ್ಲ. “ನಡಿ ಮನಿಗೆ, ಸಾವಿನ ಮನ್ಯಾಗ ಒದರಬ್ಯಾಡ” ಎಂದು ಅವಳಿಗೇ ಗದರಿದ.

ಇದಕ್ಕಿಂತ ಬಿರುಸಾದದ್ದು ಮಗನ ಮಾತು. ಪರಮಾನಂದ ಆ ದಿನಗಳಲ್ಲಿ ಬಾಯಿ ಬಿಚ್ಚಿದ್ದೇ ಕಡಿಮೆ. ಅಂದು ಉಣ್ಣುವುದನ್ನು ಬಿಟ್ಟು ಹೇಳಿದ: “ಯವ್ವಾ, ಚಂದಪ್ಪ ಕಾಕಾ ಆ ಖೋಲಿಗೆ ರೇವವ್ವನ ಹೆಸರು ಇಡ್ತೀವಿ ಅಂದಾನ. ಕಲ್ಲಿನ ಮ್ಯಾಲ ಕೆತ್ತಸ್ತಾರಂತ. ಹೂಂ ಅನ್ನವ್ವಾ.” ಅವನು ನನ್ನ ಹತ್ತಿರ ಹೀಗೆ ಬೇಡಿಕೊಂಡದ್ದು ಚಿಕ್ಕಂದಿನಲ್ಲೂ ನೆನಪಿಲ್ಲ. ನಾನು ಎದ್ದು ಒಲೆಯ ಮುಂದೆ ಹೋಗಿ ಕೂತೆ.

ಮರುದಿನ ಪುರಸಭೆಯ ಕಚೇರಿಯಲ್ಲಿ ಊರವರೆಲ್ಲ ಕೂಡಿದ್ದರು. ಮೈಬೂಬ ಬಾಗಿಲ ಹೊರಗೆ ಚಪ್ಪಲಿಗಳ ಹತ್ತಿರ ನಿಂತಿದ್ದ. ನೀರು ಬರುವ ಸುದ್ದಿ ಮನೆಗೆ ಮುಟ್ಟಿತ್ತೋ ಇಲ್ಲವೋ ಎಂದು ಸಾಹೇಬರು ಕೇಳಿದರು. ಮುಟ್ಟಿತ್ತು ಎಂದೆ. ಕಾವಲುಗಾರ ಕಬ್ಬಿಣ ಬಡಿದ, ಊರು ಕೇಳಿತು, ಉಳಿದ ಹೆಂಗಸರೆಲ್ಲ ಸರಿದರು, ಅವನೇ ಓಡಿ ಬಂದು ಆಕೆಯನ್ನೂ ತಡೆದ, ಆಮೇಲೆ ನೀರಿಗೂ ಜಿಗಿದ, ಎಲ್ಲವನ್ನೂ ಹೇಳಿದೆ. ಚಂದಪ್ಪ ಕೆಮ್ಮಿದ. ಹಾಗಿದ್ದರೆ ನಿಮ್ಮ ಸೊಸೆ ತಿಳಿದೂ ಯಾಕೆ ಇಳಿದಳು ಎಂದರು ಸಾಹೇಬರು. “ನಮ್ಮ ಮನಿ ಮಾನಕ್ಕ ಇಳದಳ್ರಿ. ಮೊದಲ ಉಡಿ ತಪ್ಪಬಾರದಂತ” ಎಂದೆ. ನಿನ್ನ ಕಡೆಯವರು ಇಂಡಿಯಲ್ಲಿ ಆಡಿಕೊಂಡ ‘ತಪ್ಪು ಹೊರಿಸಿದ’ ಮಾತು ಇದೇ.

ಸಾಹೇಬರು ಸ್ವಲ್ಪ ಹೊತ್ತು ಬರೆದರು. ಆಮೇಲೆ ಮೆತ್ತಗೆ, ಅಂದರೆ ನಿಮ್ಮಲ್ಲಿ ಸೂಚನೆ ಕೊಡುವ ಏರ್ಪಾಡು ಸರಿಯಾಗಿಯೇ ಇದೆಯಲ್ಲ ಬಾಯಿಯವರೇ, ಎಂದು ಕಡತಕ್ಕೆ ದಾರ ಸುತ್ತಿದರು. ಅನುದಾನ ಬೇರೆ ಊರಿಗೆ ಹೋಯಿತು. “ಗೌಡಶಾನಿ ಖರೆ ಹೇಳಿ ಊರ ಮುಣಗಿಸಿದ್ರು” ಎಂದು ಚಂದಪ್ಪ ಕಟ್ಟೆಯ ಮೇಲೆ ಕೂತು ಹೇಳುತ್ತಾನೆ, ನಾನು ಹಾಯುವಾಗ ದನಿ ಏರಿಸಿ ಹೇಳುತ್ತಾನೆ. ಮಗ ಅಂದೇ ಹಾಸಿಗೆ ಸುತ್ತಿಕೊಂಡು ಹೊಲದ ಮನೆಗೆ ಹೋದ. ಹೋಗುವಾಗ, “ಆಕಿ ಹೆಸರು ಒಂದ ಗ್ವಾಡಿ ಮ್ಯಾಲರ ಉಳೀತಿತ್ತು. ಅದನೂ ಅಳಿಸಿದಿ” ಎಂದ. ಬುತ್ತಿ ಕಟ್ಟಿ ಕಳಿಸುತ್ತೇನೆ. ಬುತ್ತಿ ಹಾಗೇ ತಿರುಗಿ ಬರುತ್ತದೆ.

ನಾನು ಅಳುತ್ತ ಕೂತಿಲ್ಲ. ಅಳಲು ನನಗೆ ಬರುವುದೂ ಇಲ್ಲ, ನಿನಗೇ ಗೊತ್ತು. ಆದರೆ ಆಕೆಯ ಬಳೆಗಳ ಸಪ್ಪಳ ಹಿತ್ತಲಿನಿಂದ ಬಂದಂತಾಗಿ ಎರಡು ಸಲ ಎದ್ದು ಹೋದೆ. ಹೊಳೆಬಾಗಿಲು ಅಂದಿನಂತೆ ತೆರೆದೇ ಇತ್ತು. ಮುಚ್ಚಲು ಯಾರಿಗೂ ಧೈರ್ಯವಾಗಿರಲಿಲ್ಲ. ಅದರ ಹೊಸ್ತಿಲ ಮೇಲೆ ನಿಂತು ಯೋಚಿಸಿದೆ. ಮೈಬೂಬನ ಕಬ್ಬಿಣದ ಜಾಗದಲ್ಲಿ ವಿಜಾಪುರದ ದೊಡ್ಡ ಭೋಂಗಾ ಕೂಗಿದ್ದರೂ ರೇವವ್ವ ಇದೇ ಬಾಗಿಲಿನಿಂದ ಇಳಿಯುತ್ತಿದ್ದಳು. ಈ ಬಾಗಿಲಿಗೆ ಅನುದಾನ ಯಾರೂ ಕೊಡುವುದಿಲ್ಲ.

ಆದ್ದರಿಂದ ಮಾಡಬೇಕಾದದ್ದನ್ನು ಯಾರನ್ನೂ ಕೇಳದೆ ಮಾಡಿದ್ದೇನೆ. ದೀಪಾವಳಿಗೆ ಮೊದಲೇ ಗೌಂಡಿಯನ್ನು ಕರೆಸಿ ಹೊಳೆಬಾಗಿಲಿಗೆ ಕಲ್ಲು ಗಚ್ಚು ಹಾಕಿ ಕಟ್ಟಿಸಿದೆ. ಅದೇ ಗೌಂಡಿಯ ಕೈಯಿಂದ ನಮ್ಮ ಹುಡೆಗೆ ಬೀದಿಯ ಕಡೆ ಬಾಗಿಲು ತೆಗೆಸಿದೆ. ಮನೆಯವರ ಹೊರತು ಯಾರೂ ಹತ್ತದ ಹುಡೆ ಅದು. ಈಗ ಅದರ ತಲೆಯ ಮೇಲೆ ರೈಲಿನ ಕಬ್ಬಿಣ ತೂಗುತ್ತಿದೆ, ಗ್ಯಾಸಬತ್ತಿ ಇದೆ, ಹಗ್ಗವಿದೆ. ಮೈಬೂಬನ ಕೈಗೆ ಕೀಲಿ ಕೊಟ್ಟೆ. ಊರ ಹೆಂಗಸರನ್ನು ಗುಡಿಯ ಮುಂದೆ ಕೂಡಿಸಿ, ಇನ್ನು ಹುಡೇದ ಮನೆಗೆ ಮೊದಲ ಉಡಿ ಇಲ್ಲ, ಯಾರಿಗೂ ಮೊದಲ ಉಡಿ ಇಲ್ಲ, ನೀರು ಇಳಿದು ಮೈಬೂಬ ಹೂಂ ಅಂದ ಮೇಲೆ ಎಲ್ಲರೂ ಕೂಡಿ ಬಿಡಬೇಕು ಎಂದು ಹೇಳಿ ಬಂದೆ. ಹಿಂದಿನಿಂದ ಒಬ್ಬಿಬ್ಬರು ಏನೋ ಗೊಣಗಿದರು. ನಾನು ತಿರುಗಿ ನೋಡಿದೆ, ಸುಮ್ಮನಾದರು.

ಕ್ಷಮಿಸು ಎಂದು ನಾನು ಬರೆಯುತ್ತಿಲ್ಲ. ನೀನು ಕೇಳಿದ್ದಕ್ಕೆ ಅಂದು ಉತ್ತರ ಕೊಡಲಿಲ್ಲ, ಇಂದು ಕೊಟ್ಟಿದ್ದೇನೆ. ಬಾಗಿಲು ಮುಚ್ಚಿ ಆಗಿದೆ.

ನಿನ್ನ,
ಕಾಶಿ

ತಾ.ಕ.: ಇದನ್ನು ಒಳಗೆ ಬರೆಯಲು ಕೈ ಬರಲಿಲ್ಲ. ಕೀಲಿ ಕೊಟ್ಟ ದಿನ ನಾನು ಮೈಬೂಬನನ್ನು, ಪಾವಟಿಗೆಯ ಮೇಲೆ ರೇವವ್ವ ಅವನಿಗೆ ಏನು ಹೇಳಿದಳು ಎಂದು ಕೇಳಿದೆ. ಹೇಳಲೊಲ್ಲೆ ಎಂದವನು, ನಾನು ಬಿಡದಿದ್ದಾಗ ಹೇಳಿದ. “ಅತ್ತ ಸರೀ ಕಾಕಾ. ಸಂಜಿ ಬಸ್ಸಿಗೆ ನಮ್ಮ ಅತ್ತಿಯಾರು ಬರ್ತಾರ. ಬಂದ ಕೂಡ್ಲೇ ಆ ಮೊಣಕಾಲ ತಗೊಂಡು ತಾವ ಇಳೀತಾರ, ಯಾರ ಮಾತೂ ಕೇಳೂದಿಲ್ಲ. ಅವರು ಬರೂದ್ರಾಗ ಬಿಟ್ಟ ಬಂದಬಿಡ್ತೇನಿ” ಎಂದಳಂತೆ. ಯಾಕೆ ಇಳಿದಳು ಎಂದು ಸಾಹೇಬರು ಕೇಳಿದ್ದಕ್ಕೆ ಖರೆ ಉತ್ತರ ಇದು. ನಿನಗೊಬ್ಬಳಿಗೇ ಬರೆದಿದ್ದೇನೆ.