ಒಕ್‌ಬುನ್ ಹೆಸರಿನಲ್ಲಿ ತಂದ ಪುಸ್ತಕಗಳು

ಅಕ್ಟೋಬರ್ 9, 1978, ಸೋಮವಾರ. ಸಂಜೆ 6

ಪಾಳಿ ಎರಡಕ್ಕೆ ಮುಗಿಯಬೇಕಿತ್ತು. ಐದಕ್ಕೆ ಬಿಟ್ಟರು. ಇವತ್ತು ಅಕ್ಷರಮಾಲೆಯ ಹಬ್ಬ, ದೇಶಕ್ಕೆಲ್ಲ ರಜೆ. ಇಂಚಾನ್ ಬಂದರಿನ ನಮ್ಮ ನೂಲಿನ ಗಿರಣಿಗೆ ಮಾತ್ರ ಇಲ್ಲ. ಕೂದಲಿನಿಂದ ಹತ್ತಿಯ ಎಳೆ ಇನ್ನೂ ಉದುರುತ್ತಿದೆ, ಈ ಪುಟದ ಮೇಲೂ.

'ಬೆಟ್ಟದ ಬಂಗಲೆಯ ಪಿಯಾನೊ' ಮುಗಿಸಿದೆ. ನಾಯಕ ಗಿರಣಿ ಮಾಲೀಕನ ಮಗ. ಏನು ಕೆಲಸ ಮಾಡುತ್ತಾನೆಂದು ಇನ್ನೂರ ಎಂಬತ್ತು ಪುಟಗಳಲ್ಲಿ ಎಲ್ಲೂ ಇಲ್ಲ. ಪಿಯಾನೊ ನುಡಿಸುತ್ತಾನೆ, ಕೆಮ್ಮುತ್ತಾನೆ, ಕೊಡೆ ಇದ್ದರೂ ಮಳೆಯಲ್ಲಿ ನಿಲ್ಲುತ್ತಾನೆ. ನಾಯಕಿ ಮೂವತ್ತೊಂದು ಸಲ ಅಳುತ್ತಾಳೆ. ಅಧ್ಯಾಯಕ್ಕೊಂದು ಹೊಸ ಬಿಳಿ ಫ್ರಾಕು. ಒಗೆಯುವವರು ಯಾರೋ.

ಹ್ವಾಂಗಮ್ಮನ ಬಾಡಿಗೆ ಪುಸ್ತಕದ ಅಂಗಡಿಯಲ್ಲಿ ಪ್ರತಿ ಪುಸ್ತಕದ ಕೊನೆಗೆ ಒಂದು ಖಾಲಿ ಹಾಳೆ ಅಂಟಿಸಿರುತ್ತದೆ. ಮೇಲೆ ಅವಳದೇ ಬರಹ: 'ಅಂಚಿನಲ್ಲಿ ಗೀಚಬೇಡಿ, ಬಯ್ಯುವುದಿದ್ದರೆ ಇಲ್ಲಿ ಬಯ್ಯಿರಿ.' ಮೂರು ಗಿರಣಿಗಳ ಹುಡುಗಿಯರು ಬರೆಯುತ್ತಾರೆ. ಯಾರೂ ಹೆಸರು ಹಾಕುವುದಿಲ್ಲ. 'ಇವನು ನನಗೆ ಬೇಕು.' ಕೆಳಗೆ ಇನ್ನೊಬ್ಬಳು: 'ಸಾಲಿನಲ್ಲಿ ನಿಲ್ಲು.'

ನಾನು ಬರೆದೆ: 'ಇವಳ ಫ್ರಾಕಿನ ನೂಲು ನೂತವರು ಯಾರು? ಎಂಟು ಗಂಟೆ ಎಂದು ಕಾನೂನಿದೆ. ನಿಮ್ಮನ್ನು ಎಷ್ಟು ಗಂಟೆ ನಿಲ್ಲಿಸುತ್ತಾರೆ? ಇಲ್ಲಿ ಬರೆಯಿರಿ.'

ಪುಸ್ತಕ ಒಯ್ದವರ ಹೆಸರು ಮಾತ್ರ ಹ್ವಾಂಗಮ್ಮನ ರಿಜಿಸ್ಟರಿನಲ್ಲಿ ಇರುತ್ತದೆ. ಅದರಲ್ಲಿ ನನ್ನ ಹೆಸರಿಲ್ಲ. ನಾನು ಕಾರ್ಮಿಕ ಕಾನೂನಿನ ಕೈಪಿಡಿ ಬಾಯಿಪಾಠ ಮಾಡಿದವಳು, ಗಿರಣಿ ಕೆಲಸಗಾರರ ಸಂಜೆ ಶಾಲೆಯಲ್ಲಿ ಎದ್ದು ನಿಂತು ಮಾತಾಡುವವಳು. ಪ್ರೇಮ ಕಾದಂಬರಿಯ ರಿಜಿಸ್ಟರಿನಲ್ಲಿ ಇನ್‌ಸಿಲ್ ಎಂಬ ನನ್ನ ಹೆಸರೇ? ತರುವವಳು ಒಕ್‌ಬುನ್. ಗಿರಣಿಯ ವಸತಿಗೃಹದಲ್ಲಿ ನಮ್ಮ ಕೋಣೆಯ ಎಂಟು ಜನರಲ್ಲಿ ಕಿರಿಯಳು, ಹದಿನೆಂಟು ವರ್ಷ.

"ಅಕ್ಕ, ಓದೋದು ನೀನು, ಅನ್ನಿಸ್ಕೊಳ್ಳೋದು ನಾನು. ವಾರಕ್ಕೆ ನಾಲ್ಕು ಪ್ರೇಮ, ನಿಂಗೆ ಜೀರ್ಣ ಆಗುತ್ತೇನೇ ಅಂತ ಹ್ವಾಂಗಮ್ಮ ಕೇಳ್ತಾಳೆ."

"ಇದು ಅಧ್ಯಯನ."

"ಅಧ್ಯಯನ ಮಾಡ್ತಾ ಮೂಗು ಒರೆಸ್ಕೊಂಡಿದ್ದು ಯಾಕೋ?"

ನೆಗಡಿ ಎಂದೆ.

ಅಕ್ಟೋಬರ್ 13, ಶುಕ್ರವಾರ

'ಮೂರನೇ ಪ್ಲಾಟ್‌ಫಾರ್ಮಿನ ಹೆಣ'. ಪತ್ತೇದಾರಿ. ಪ್ರೇಮಕ್ಕಿಂತ ಪರವಾಗಿಲ್ಲ — ಇದರಲ್ಲಿ ಕೊನೇ ಪಕ್ಷ ಯಾರಾದರೂ ಪ್ರಶ್ನೆ ಕೇಳುತ್ತಾರೆ. ಆದರೆ ಕೊಲೆಗಾರ ಅಡುಗೆಯವನು. ಯಾವಾಗಲೂ ಅಡುಗೆಯವನು, ಇಲ್ಲವೇ ಡ್ರೈವರ್. ಸತ್ತ ಬ್ಯಾಂಕಿನ ಯಜಮಾನ ಎಷ್ಟು ಮನೆ ಮುಳುಗಿಸಿದ್ದ ಎಂದು ಪತ್ತೇದಾರ ಕೇಳುವುದೇ ಇಲ್ಲ. ಹ್ಯಾಟು ಸರಿ ಮಾಡಿಕೊಂಡು ಹೋಗುತ್ತಾನೆ.

ಅದನ್ನೇ ಕೊನೆಯ ಹಾಳೆಯಲ್ಲಿ ಬರೆದೆ. 'ಪತ್ತೇದಾರನಿಗೆ ಸಂಬಳ ಕೊಡುವವರು ಯಾರು, ಮೊದಲು ಅದನ್ನು ಪತ್ತೆ ಮಾಡಿ.'

ಪಿಯಾನೊ ಪುಸ್ತಕ ಆಗಲೇ ಒಂದು ಸುತ್ತು ಹೋಗಿ ಬಂದಿದೆ. ಒಕ್‌ಬುನ್ ಹಾಳೆ ನೋಡಿಬಂದು ಹೇಳಿದಳು, ನನ್ನ ಪ್ರಶ್ನೆಯ ಕೆಳಗೆ ಉತ್ತರ ಬಂದಿದೆಯಂತೆ. 'ಹನ್ನೊಂದು.' 'ಹನ್ನೆರಡು, ಭಾನುವಾರವೂ.' 'ನಮ್ಮಲ್ಲಿ ಮೂತ್ರಕ್ಕೆ ಬಿಡುವುದಿಲ್ಲ.' ಬೇರೆ ಬೇರೆ ಕೈ, ಬೇರೆ ಬೇರೆ ಶಾಯಿ.

ಗೇಟಿನಲ್ಲಿ ಕರಪತ್ರ ಹಂಚಿದರೆ ಕೈಚೀಲಕ್ಕೆ ತುರುಕಿ ಓಡುತ್ತಾರೆ. ಇಲ್ಲಿ ಕೂತು ಬರೆದಿದ್ದಾರೆ.

ಅಕ್ಟೋಬರ್ 17, ಮಂಗಳವಾರ. ಪಾಳಿಗೆ ಮುಂಚೆ

'ಬಿಳಿ ಕೈಗವಸು'. ಇಷ್ಟು ಸುಳ್ಳು ಪುಸ್ತಕ ಓದೇ ಇಲ್ಲ. ಗೆಳತಿ ಮಾಡಿದ ಕಳ್ಳತನವನ್ನು ನಾಯಕಿ ತನ್ನ ಮೇಲೆ ಹಾಕಿಕೊಂಡು ಜೈಲಿಗೆ ಹೋಗುತ್ತಾಳೆ. ಒಂದು ಮಾತು ಆಡುವುದಿಲ್ಲ. ಕಾರಣ? 'ಅವಳು ನನಗೆ ಒಮ್ಮೆ ಬೆಚ್ಚಗಿನ ಕೈಗವಸು ಕೊಟ್ಟಿದ್ದಳು.' ಅಷ್ಟೇ! ಕೈಗವಸಿಗೆ ಮೂರು ವರ್ಷ ಜೈಲು.

ಬರೆದೆ: 'ಇಂಥವಳು ಲೋಕದಲ್ಲಿಲ್ಲ. ಹಸಿದವರಿಗೆ ತ್ಯಾಗದ ಪಾಠ ಹೇಳಲು ಹೊಟ್ಟೆ ತುಂಬಿದವರು ಕಟ್ಟಿದ ಗೊಂಬೆ.'

ಒಕ್‌ಬುನ್ ಭುಜದ ಮೇಲಿಂದ ಓದುತ್ತಿದ್ದಳು. ಈಗ ಬೆರಳಿಡದೆ ಓದುತ್ತಾಳೆ. ಹೋದ ಚಳಿಗಾಲದಲ್ಲಿ ತನ್ನ ಹೆಸರು ಬರೆಯಲೂ ಬರುತ್ತಿರಲಿಲ್ಲ. ಪಗಾರದ ಹಾಳೆಗೆ ಹೆಬ್ಬೆಟ್ಟು ಒತ್ತುತ್ತಿದ್ದಳು. ಅಡಿಯಿಂದ ಕಾಯಿಸಿದ ಬೆಚ್ಚಗಿನ ನೆಲದ ಮೇಲೆ ಬೋರಲು ಮಲಗಿಸಿ, ಕೈ ಮೇಲೆ ಕೈ ಇಟ್ಟು ನಾನೇ ತಿದ್ದಿಸಿದೆ. ಅವಳ ಅಕ್ಷರ ನನ್ನ ಅಕ್ಷರದ ಹಾಗೇ ಬಲಕ್ಕೆ ವಾಲುತ್ತದೆ, ಕೊನೆಯಲ್ಲಿ ಅದೇ ಕೊಕ್ಕೆ.

"ಅಕ್ಕ, ನಿಂಗೆ ಯಾವ ಪುಸ್ತಕಾನೂ ಹಿಡಿಸಲ್ಲ. ಮತ್ಯಾಕೆ ಕೊನೇ ಪುಟದವರೆಗೂ ಓದ್ತೀಯ?"

"ಶತ್ರು ಏನು ಹೇಳ್ತಾನೆ ಅಂತ ಗೊತ್ತಿರಬೇಕು."

"ನಂಗೆ ಇದು ಇಷ್ಟ. ಇದ್ರಲ್ಲಿ ಯಾರಾದ್ರೂ ಒಬ್ರು ಇನ್ನೊಬ್ರಿಗೋಸ್ಕರ ಕಾಯ್ತಾರೆ. ನಮ್ಗೆ ಯಾರು ಕಾಯ್ತಾರೆ ಹೇಳು? ಗೇಟಿನ ವಾಚ್‌ಮನ್ನು."

ನಕ್ಕುಬಿಟ್ಟೆ. ಆಮೇಲೆ ಅವಳಿಗೆ ವರ್ಗಪ್ರಜ್ಞೆಯ ಬಗ್ಗೆ ಹೇಳಿದೆ. ಕೇಳುತ್ತಲೇ ನಿದ್ದೆ ಹೋದಳು.

ಅಕ್ಟೋಬರ್ 22, ಭಾನುವಾರ

'ನರಿಬೆಟ್ಟದ ಕತ್ತಿವರಸೆಗಾರ' — ಮೂರು ಭಾಗ, ಒಂದು ಗಾದಿಯ ದಪ್ಪ. ಒಬ್ಬನೇ ಇನ್ನೂರು ಜನರನ್ನು ಕೊಚ್ಚುತ್ತಾನೆ. ಸಂಘಟನೆ ಬೇಡ, ಸಭೆ ಬೇಡ. ಹಳ್ಳಿಯವರು ಬಾಯಿ ತೆರೆದು ನೋಡುತ್ತಾ ನಿಂತಿರುತ್ತಾರೆ. ಬರೆದೆ: 'ಆ ಹಳ್ಳಿಯವರು ಇನ್ನೂರು ಜನ ಸೇರಿದ್ದರೆ ಕತ್ತಿಯೇ ಬೇಕಿರಲಿಲ್ಲ.' ನಾನು ಬರೆದದ್ದರಲ್ಲಿ ಇದೇ ಚೆನ್ನಾಗಿದೆ.

ಸಂಜೆ ಶಾಲೆಯಲ್ಲಿ ಹಾಳೆಗಳ ವಿಷಯ ಮೇಷ್ಟ್ರಿಗೆ ಹೇಳಿದೆ. (ಹೆಸರು ಇಲ್ಲಿ ಬರೆಯುವುದಿಲ್ಲ.) ಕಣ್ಣು ಅರಳಿಸಿದರು.

"ಇದು ಗಟ್ಟಿ ಕೆಲಸ. ಆದ್ರೆ ನೀನೇನು, ಪ್ರೇಮ ಕಾದಂಬರಿ ಓದ್ತೀಯಾ?"

ಎಲ್ಲರೂ ನಕ್ಕರು. ಕಿವಿ ಸುಟ್ಟಿತು.

"ನಾನಲ್ಲ. ನಮ್ಮ ಕೋಣೆಯ ಹುಡುಗಿ ತರ್ತಾಳೆ. ನಾನು ಕೊನೇ ಹಾಳೆ ಮಾತ್ರ ನೋಡೋದು."

ಎಷ್ಟು ಸಲೀಸಾಗಿ ಬಂತು ಬಾಯಿಗೆ.

ಅಕ್ಟೋಬರ್ 26, ಗುರುವಾರ

ಒಕ್‌ಬುನ್‌ಳನ್ನು ಕರೆದೊಯ್ದರು.

ಬೆಳಿಗ್ಗೆ ಹತ್ತೂವರೆ. ಎಳೆ ಕಟ್ಟುತ್ತಿದ್ದಳು, ನನ್ನಿಂದ ನಾಲ್ಕನೇ ಯಂತ್ರ. ಸೂಪರ್‌ವೈಸರ್ ಜೊತೆ ಜಾಕೆಟ್ಟಿನ ಇಬ್ಬರು ಬಂದರು. ಯಂತ್ರದ ಸದ್ದಿನಲ್ಲಿ ಏನೂ ಕೇಳಲಿಲ್ಲ. ಅವಳು ಏಪ್ರನ್ ಬಿಚ್ಚಿ ಮಡಿಚಿ ಇಟ್ಟಳು. ಹೋಗುವಾಗ ನನ್ನ ಪಕ್ಕದಲ್ಲೇ ಹೋದಳು. ನನ್ನ ಕಡೆ ನೋಡಲಿಲ್ಲ.

ಮಧ್ಯಾಹ್ನ ಬಾರ್ಲಿ ಅನ್ನ, ಮೂಲಂಗಿ ಸೊಪ್ಪಿನ ಸಾರು. ಅವಳ ಯಂತ್ರಕ್ಕೆ ಆಗಲೇ ಬೇರೊಬ್ಬಳು ಬಂದಿದ್ದಳು.

ಅಕ್ಟೋಬರ್ 27, ಶುಕ್ರವಾರ

ಹ್ವಾಂಗಮ್ಮನ ಅಂಗಡಿಗೆ ಹೋದೆ. ಮೊದಲ ಸಲ ಒಳಗೆ ಕಾಲಿಟ್ಟದ್ದು. ಕಪಾಟು ಅರ್ಧ ಖಾಲಿ. ಅವಳು ನೆಲದ ಮೇಲೆ ಕೂತು ಉಳಿದ ಪುಸ್ತಕಗಳ ಕೊನೆಯ ಹಾಳೆ ಹರಿಯುತ್ತಿದ್ದಳು.

"ಯಾರಮ್ಮ ನೀನು? ಬಾಡಿಗೆ ಇಲ್ಲ ಇವತ್ತು."

"ಒಕ್‌ಬುನ್ ಕೋಣೆಯವಳು."

ಹರಿಯುವುದನ್ನು ನಿಲ್ಲಿಸಿದಳು.

"ಯಾರೋ ಮುಟ್ಟಾಳ ಹೋಗಿ ಕಿವಿ ಊದಿದ್ದಾನೆ. ಪೊಲೀಸ್ನೋರು ನಾಲ್ಕು ಪುಸ್ತಕ ಇಟ್ಕೊಂಡು ಕೂತ್ರು. ನಾಲ್ಕರಲ್ಲೂ ಒಂದೇ ಕೈ ಬರಹ. ರಿಜಿಸ್ಟರ್ ತೆಗಿ ಅಂದ್ರು. ನಾಲ್ಕನ್ನೂ ಒಯ್ದೋಳು ಒಬ್ಳೇ ಇದ್ಲು. ನಾನೇನು ಮಾಡ್ಲಿ ಹೇಳು?"

ಹರಿದ ಹಾಳೆಗಳನ್ನು ಒಟ್ಟು ಸೇರಿಸುತ್ತಾ ಅವಳೇ ಮುಂದುವರಿಸಿದಳು.

"ಸರ್ಕಾರದ ವಿರುದ್ಧ ಬಾಯಿ ಬಿಡಬಾರ್ದು ಅಂತ ತುರ್ತು ಆಜ್ಞೆ ಇದೆ ಕಣೆ. ಬಸ್ಸಲ್ಲಿ ಗೊಣಗಿದವ್ರನ್ನೂ ಒಯ್ದಿದ್ದಾರೆ. ಮುಷ್ಕರಕ್ಕೆ ಕುಮ್ಮಕ್ಕು ಅಂತಾರೆ ಇದನ್ನ. ಆ ಹುಡುಗಿ ಕೂತ್ರೆ ಅಳೋ ಕಥೆನೇ ಕೇಳೋಳು. ಅವ್ಳಿಗೆ ಇಷ್ಟೆಲ್ಲ ಎಲ್ಲಿಂದ ಬಂತೋ."

ನನ್ನ ಮುಖ ನೋಡುತ್ತಿದ್ದಳು. ನನ್ನ ಕೈ ನೋಡುತ್ತಿದ್ದಳೇನೋ. ಜೇಬಿಗೆ ಹಾಕಿಕೊಂಡೆ.

ಅಕ್ಟೋಬರ್ 28, ಶನಿವಾರ

ಮೇಷ್ಟ್ರು ಬಾಗಿಲು ಹಾಕಿ ಮಾತಾಡಿದರು.

"ನೀನು ಠಾಣೆಗೆ ಹೋಗಿ ಒಪ್ಕೊಂಡ್ರೆ ನಿನ್ನ ಹಿಂದೆ ಇಡೀ ಶಾಲೆ ಹೋಗುತ್ತೆ. ಹನ್ನೆರಡು ಜನ. ಅವಳಿಗೆ ಏನೂ ಗೊತ್ತಿಲ್ಲ, ಅದೇ ಅವಳ ರಕ್ಷಣೆ. ಎರಡು ದಿನ ಇಟ್ಕೊಂಡು ಬಿಟ್ಬಿಡ್ತಾರೆ."

"ಬಿಡದೆ ಇದ್ರೆ?"

"ಇತಿಹಾಸ ಒಬ್ಬೊಬ್ಬರನ್ನ ಎಣಿಸಿಕೊಂಡು ನಡೆಯಲ್ಲ, ಇನ್‌ಸಿಲ್."

ಇದು ಶಾಲೆಯಲ್ಲಿ ಕೊಟ್ಟ ಕಂದುಬಣ್ಣದ ಕರಪತ್ರದ ನಾಲ್ಕನೇ ಪುಟದ ವಾಕ್ಯ. ಹೋದ ವರ್ಷ ನಾನೇ ಅದರ ಕೆಳಗೆ ಗೆರೆ ಎಳೆದಿದ್ದೆ.

ಸರಿ ಎಂದೆ. ಹೊರಗೆ ಬಂದಾಗ ಮೈಯೆಲ್ಲ ಹಗುರಾಗಿತ್ತು. ಅದನ್ನೂ ಬರೆದಿಡುತ್ತೇನೆ — ಹಗುರಾಗಿತ್ತು.

ನವೆಂಬರ್ 6, ಸೋಮವಾರ

ಹನ್ನೊಂದು ದಿನ. ಬಿಡಲಿಲ್ಲ.

ಇವತ್ತು ಅವಳ ಅಮ್ಮ ಬಂದರು. ದಕ್ಷಿಣದ ಹಳ್ಳಿಯಿಂದ ಒಂದು ಇಡೀ ದಿನದ ರೈಲು. ವಸತಿಗೃಹದ ಮೆಟ್ಟಿಲ ಮೇಲೆ ಕೂತಿದ್ದರು, ಒಳಗೆ ಬಿಟ್ಟಿರಲಿಲ್ಲ. ತೊಡೆಯ ಮೇಲೆ ಬಟ್ಟೆಯ ಗಂಟು, ಅದರಲ್ಲಿ ಒಣಗಿಸಿದ ಪರ್ಸಿಮನ್ ಹಣ್ಣು.

ಗಿರಣಿಯವರು ಕೊಟ್ಟ ಕಾಗದ ನನ್ನ ಮುಂದೆ ಹಿಡಿದರು.

"ನಂಗೆ ಓದೋಕೆ ಬರಲ್ಲ ತಾಯಿ. ಏನಂತ ಇದೆ?"

ಕೆಲಸದಿಂದ ತೆಗೆದಿದ್ದೇವೆ ಎಂದು ಇತ್ತು. ಯಾವ ಗಿರಣಿಯೂ ಸೇರಿಸಿಕೊಳ್ಳದಂತೆ ಹೆಸರು ಕಳಿಸಿದ್ದೇವೆ ಎಂದು ಇತ್ತು. ಗಟ್ಟಿಯಾಗಿ ಓದಿದೆ. ಕೈಪಿಡಿಯಲ್ಲಿ ಇದಕ್ಕೆ ಒಂದು ಕಲಮು ಇದೆ, ಮೂವತ್ತು ದಿನದ ನೋಟಿಸು ಕೊಡಬೇಕು. ನಾಲಿಗೆಯ ತುದಿಗೆ ಬಂತು, ಆ ಮುಖ ನೋಡಿ ಹೇಳಲಿಲ್ಲ.

"ಠಾಣೆಯಲ್ಲಿ ಐದು ನಿಮಿಷ ಬಿಟ್ರು," ಎಂದರು. "ಈ ಕಡೆ ಕಿವಿ ಕೇಳಿಸ್ತಿಲ್ಲ ಅವಳಿಗೆ. ನಾನು ಆ ಕಡೆ ಹೋಗಿ ಕೂತು ಮಾತಾಡ್ದೆ. ಒಂದೇ ವಾಕ್ಯ ಹತ್ತತ್ತು ಸಲ ಬರೆಸಿದ್ರಂತೆ. ಅದೇನೋ ಫ್ರಾಕು, ನೂಲು. ಬರೆದ್ಲಂತೆ. ಇದೇ ಕೈ ಅಂದ್ರಂತೆ. ಹೌದು ಅಂತ ಸಹಿ ಹಾಕಿದ್ಲಂತೆ."

"ಬೇರೆ ಏನಾದ್ರೂ ಹೇಳಿದ್ಳಾ?"

"ಇನ್‌ಸಿಲ್ ಅಕ್ಕನಿಗೆ ಹಣ್ಣು ಕೊಡು ಅಂದ್ಲು." ಗಂಟು ಬಿಚ್ಚಿದರು. "ಇನ್‌ಸಿಲ್ ನೀನೇ ಅಲ್ವಾ? ನನ್ ಮಗಳಿಗೆ ಅಕ್ಷರ ಕಲಿಸಿದೋಳು. ಊರಿಗೆ ಕಾಗದ ಬರೆದಿದ್ಲು, ಮಂಡಲದ ಗುಮಾಸ್ತ ಓದಿ ಹೇಳಿದ. ಚೆನ್ನಾಗಿದೆ ಕೈ ಅಂದ. ಅವತ್ತು ಊರೆಲ್ಲ ತೋರಿಸ್ಕೊಂಡು ಬಂದೆ."

ನನ್ನ ಎರಡೂ ಕೈ ಹಿಡಿದುಕೊಂಡು ಬಗ್ಗಿ ನಮಸ್ಕರಿಸಿದರು. ನನಗೆ. ಎರಡು ಸಲ.

ಹಣ್ಣು ತೆಗೆದುಕೊಂಡೆ.

ನವೆಂಬರ್ 7, ಮಂಗಳವಾರ. ಬೆಳಿಗ್ಗೆ 7

ಪಾಳಿಗೆ ಹೋಗಲಿಲ್ಲ. ಕೋಣೆಯಲ್ಲಿ ಒಬ್ಬಳೇ. ಕಿಟಕಿಯ ಹೊರಗೆ ಅವಳ ಸಾಕ್ಸು ಇನ್ನೂ ಹಗ್ಗದ ಮೇಲಿದೆ, ಮಸಿ ಹಿಡಿದು.

ನಿನ್ನೆ ರಾತ್ರಿ ಅವಳ ಹಾಸಿಗೆ ಮಡಿಕೆಯಲ್ಲಿ 'ಬಿಳಿ ಕೈಗವಸು' ಸಿಕ್ಕಿತು. ಹಾಗಾದರೆ ಪೊಲೀಸರ ಹತ್ತಿರ ಇರುವ ನಾಲ್ಕರಲ್ಲಿ ಇದಿಲ್ಲ. ವಾಪಸು ಕೊಟ್ಟಿರಲೇ ಇಲ್ಲ ಅವಳು. ಕೊನೆಯ ಹಾಳೆ ತೆರೆದೆ. 'ಇಂಥವಳು ಲೋಕದಲ್ಲಿಲ್ಲ' ಎಂಬ ನನ್ನ ಸಾಲಿನ ಕೆಳಗೆ, ಬಲಕ್ಕೆ ವಾಲಿದ ಅಕ್ಷರ, ಕೊನೆಯಲ್ಲಿ ಕೊಕ್ಕೆ:

'ಇದ್ದರೆ ಪರವಾಗಿಲ್ಲ ಅಲ್ವಾ ಅಕ್ಕ. ಪುಸ್ತಕ ಚೆನ್ನಾಗಿದೆ.'

ಮತ್ತೆ ಮೊದಲಿನಿಂದ ಓದಿದೆ. ಪೂರ್ತಿ. ಪುಸ್ತಕ ಕೆಟ್ಟದಾಗಿಯೇ ಬರೆದಿದ್ದಾರೆ. ವಾಕ್ಯಗಳು ಜಾರುತ್ತವೆ, ಜೈಲಿನಲ್ಲಿ ಹೂವು ಅರಳುತ್ತದೆ. ಜೈಲಿನಲ್ಲಿ ಹೂವು ಅರಳುವುದಿಲ್ಲ, ಕಿವಿ ಹೋಗುತ್ತದೆ. ಅದು ಅವರು ಬರೆದ ಸುಳ್ಳು. ಇಂಥವಳಿಲ್ಲ ಎಂದದ್ದು ನಾನು ಹೇಳಿದ ಸುಳ್ಳು.

ಕಾದಂಬರಿಯ ಆ ಗೆಳತಿ, ನಿಜವಾಗಿ ಕದ್ದವಳು, ನೂರನೇ ಪುಟದ ನಂತರ ಕಾಣುವುದೇ ಇಲ್ಲ. ಲೇಖಕ ಅವಳನ್ನು ಮರೆತಿದ್ದಾನೆ. ಎಲ್ಲಿಗೆ ಹೋದಳು, ಏನು ತಿಂದಳು, ಹೇಗೆ ಮಲಗಿದಳು? ಮೊದಲ ಸಲ ಓದಿದಾಗ ನಾನೂ ಕೇಳಲಿಲ್ಲ.

ಠಾಣೆಗೆ ಹೊರಡುವ ಮುಂಚೆ ಈ ದಿನಚರಿಯಿಂದ ಸಂಜೆ ಶಾಲೆಯ ಪುಟಗಳನ್ನು ಹರಿದು ಒಲೆಗೆ ಹಾಕುತ್ತೇನೆ. 22 ಮತ್ತು 28 ಕೂಡ. ಹನ್ನೆರಡು ಜನರ ಹೆಸರು ಯಾರು ಕೇಳಿದರೂ ಬರಬಾರದು. ಬಾರದ ಹಾಗೆ ಇರಬಲ್ಲೆನೇ ಎಂದು ಗೊತ್ತಿಲ್ಲ. ಅವಳು ಇದ್ದಳು, ಕರಪತ್ರ ಓದದೆಯೇ.

ನಾನು ಹೋದರೆ ಅವಳನ್ನು ಬಿಡುತ್ತಾರೆಂದು ಖಾತ್ರಿ ಇಲ್ಲ. ಸಹಿ ಆಗಿದೆ. ಇಬ್ಬರನ್ನೂ ಇಟ್ಟುಕೊಳ್ಳಬಹುದು. ಆದರೂ ಆ ರಿಜಿಸ್ಟರಿನಲ್ಲಿ ಇರಬೇಕಾದ ಹೆಸರು ಯಾವುದೆಂದು ಯಾರಾದರೂ ಒಮ್ಮೆ ಬರೆದುಕೊಳ್ಳಲಿ.

ಠಾಣೆಯಲ್ಲಿ ಹೇಳಿಕೆ ತೆಗೆದುಕೊಳ್ಳುವವರು ಎಂಟಕ್ಕೆ ಬರುತ್ತಾರೆ. ನನ್ನಿಂದಲೂ ಆ ವಾಕ್ಯ ಬರೆಸುತ್ತಾರೆ. ಕೈ ನಡುಗಿದರೆ ನಂಬುವುದಿಲ್ಲ, ಗೆಳತಿಯನ್ನು ಬಿಡಿಸಲು ಬಂದಿದ್ದೀಯ ಎಂದು ನಕ್ಕು ಕಳಿಸುತ್ತಾರೆ. ಅವಳ ಅಕ್ಷರ ಯಾರಿಂದ ಬಂತು ಎಂದು ಅವರಿಗೆ ಕಾಣಬೇಕು. ಕೊಕ್ಕೆ ಚೂಪಾಗಿರಬೇಕು.

ಅಭ್ಯಾಸ ಮಾಡುತ್ತೇನೆ.

ಇವಳ ಫ್ರಾಕಿನ ನೂಲು ನೂತವರು ಯಾರು?

ಇವಳ ಫ್ರಾಕಿನ ನೂಲು ನೂತವರು ಯಾರು?

ನಡುಗುತ್ತಿದೆ. ಮತ್ತೆ.

ಇವಳ ಫ್ರಾಕಿನ ನೂಲು