ನನಗೆ ಬೇಕಿಲ್ಲದ ಹಾಳೆ

ನವೆಂಬರ್ 11, ಮಂಗಳವಾರ

ಎಂದಿನಂತೆ ಹೈಡ್ರಾಲಿಕ್ಸ್ ಸೂತ್ರಗಳನ್ನೆಲ್ಲ ನೋಡದೆ ಬರೆದೆ. ಒಂದೂ ತಪ್ಪಲಿಲ್ಲ.

ಕಾಲೇಜಿನಲ್ಲಿ ನೋಟಿಸ್. ಈ ಬಾರಿ ಪರೀಕ್ಷೆಗೆ ಒಂದು ಸೂತ್ರದ ಹಾಳೆ ತರಬಹುದು. ಸ್ವಂತ ಕೈಬರಹದ್ದು, ಇನ್ನೊಬ್ಬರಿಗೆ ತೋರಿಸಿದರೆ ಮಾಲ್‌ಪ್ರಾಕ್ಟೀಸ್. ವಿಭಾಗದ ಮುಖ್ಯಸ್ಥರಾದ ಪ್ರಸಾದ್ ಸರ್ ಎದುರೇ ಹೇಳಿದೆ — ಇದು ನೆನಪಿಲ್ಲದವರಿಗೆ ಹಾಕುವ ಭಿಕ್ಷೆ. ನಾನು ತರುವುದಿಲ್ಲ.

ಬಿಂದು ನಕ್ಕಳು. "ನಿಂಗೆ ತಲೇಲೈತೆ ಕಣೇ ವರ್ಷಿಣಿ. ನಮ್ಗೆ ಹಾಳೇಲಾದ್ರೂ ಇರ್ಲಿ ಬುಡು."

ಇಲವಾಲದ ಹುಡುಗಿ. ಬಸ್ಸಿನಲ್ಲಿ ನಿಂತುಕೊಂಡೇ ಓದುತ್ತಾಳೆ. ನನ್ನ ಏಕೈಕ ಗೆಳತಿ ಎನ್ನಬಹುದು.

ನವೆಂಬರ್ 24, ಸಂಜೆ

ಹೈಡ್ರಾಲಿಕ್ಸ್ ಪರೀಕ್ಷೆ. ಐದನೆಯ ಪ್ರಶ್ನೆ. ಹೈಡ್ರಾಲಿಕ್ ಜಂಪ್. ಸೂತ್ರ ಹೊಳೆಯಲಿಲ್ಲ. ನನಗೆ! ಪೆನ್ನು ನಿಂತಿತು.

ಪಕ್ಕದ ಸಾಲಿನಲ್ಲಿದ್ದ ಬಿಂದು ಗಮನಿಸಿದಳು. ತನ್ನ ಹಾಳೆಯನ್ನು ಡೆಸ್ಕಿನ ಅಂಚಿಗೆ ಸರಿಸಿ, ನನ್ನ ಕಡೆ ತಿರುಗಿಸಿದಳು. ನೋಡಿದೆ. ಒಂದೇ ಸಲ… ಅಷ್ಟು ಸಾಕಾಯಿತು.

ಮೇಲ್ವಿಚಾರಣೆಗಿದ್ದ ಸೌಮ್ಯಶ್ರೀ ಮೇಡಂ ಅವಳ ಹಿಂದೆಯೇ ನಿಂತಿದ್ದರು. "ಯಾರಿಗಮ್ಮಾ ತೋರಿಸ್ತಿದ್ದೀಯ?"

ಬಿಂದು ಹಾಳೆಯನ್ನು ಮಗುಚಿಟ್ಟಳು. ಉತ್ತರಪತ್ರಿಕೆ ಕಿತ್ತುಕೊಂಡು ಅವಳನ್ನು ಹೊರಗೆ ಕಳಿಸಿದರು. ನಾನು ಬರೆಯುತ್ತಲೇ ಇದ್ದೆ.

ನವೆಂಬರ್ 27

ವಿಚಾರಣೆ. ಪ್ರಸಾದ್ ಸರ್ ನನ್ನನ್ನು ಒಳಗೆ ಕರೆದರು. "ಗೆಳತಿಗೆ ತೋರಿಸಿದ್ದು ಅಂತ ಒಪ್ಪಿಕೊಂಡ್ರೆ ಇಬ್ಬರಿಗೂ ಈ ಒಂದು ಪೇಪರ್ ರದ್ದು, ಅಷ್ಟೇ. ಬಿಂದು ಯಾರಿಗೆ ತೋರಿಸಿದ್ದು ಅಂತ ಬಾಯೇ ಬಿಡ್ತಿಲ್ಲ. ಯಾರೂ ಒಪ್ಪದಿದ್ರೆ ಅವಳ ಇಡೀ ಸೆಮಿಸ್ಟರ್ ಹೋಗುತ್ತೆ. ನೀನು ನೋಡಿದೆಯೇನಮ್ಮಾ?"

"ನನಗೆ ಹಾಳೆಯ ಅಗತ್ಯವೇ ಬೀಳುವುದಿಲ್ಲ, ಸರ್."

ನಂಬಿದರು. ಯಾರು ತಾನೇ ನಂಬುವುದಿಲ್ಲ?

ಬಾಗಿಲಾಚೆ ನಿಂತಿದ್ದ ಬಿಂದುವಿಗೆ ಎಲ್ಲವೂ ಕೇಳಿಸಿತ್ತು. ಮೆಲ್ಲನೆ ಅಂದಳು — "ಮರ್ತೋಯ್ತು ಅನ್ನಕ್ಕೆ ಅಷ್ಟೊಂದ್ ಕಷ್ಟಾನೇನೇ ನಿಂಗೆ?"

ಜನವರಿ 9, ಶುಕ್ರವಾರ

ಫಲಿತಾಂಶ. ತರಗತಿಗೇ ಮೊದಲು. ಐದನೆಯ ಪ್ರಶ್ನೆಗೆ ಪೂರ್ಣ ಅಂಕ.

ಪಕ್ಕದಲ್ಲೇ ಇನ್ನೊಂದು ನೋಟಿಸ್: ದುರುಪಯೋಗವಾದ ಕಾರಣ ಮುಂದಿನ ಸೆಮಿಸ್ಟರ್‌ನಿಂದ ಸೂತ್ರದ ಹಾಳೆಗೆ ಅವಕಾಶವಿಲ್ಲ. ನನ್ನ ವಾದ ಗೆದ್ದಿತು. "ನೀನು ಆವತ್ತೇ ಹೇಳಿದ್ದೆ ಬಿಡಮ್ಮಾ" ಎಂದರು ಪ್ರಸಾದ್ ಸರ್.

ಸೆಮಿಸ್ಟರ್ ಹೋದ ಮೇಲೆ ಬಿಂದುವಿನ ಓದನ್ನು ಮನೆಯವರು ಬಿಡಿಸಿದರಂತೆ. ಹೆಬ್ಬಾಳದ ಕಾರ್ಖಾನೆಯೊಂದರಲ್ಲಿ ಪಾಳಿಯ ಕೆಲಸ. ಸಹಪಾಠಿ ಲಾಸ್ಯ ಹೇಳಿದಳು, ಬಸ್ಸಿನಲ್ಲಿ ಕಂಡಳಂತೆ. ನಿಂತೇ ಇದ್ದಳಂತೆ. ಕೈಯಲ್ಲಿ ಪುಸ್ತಕವಿರಲಿಲ್ಲ.

ಜನವರಿ 10

ಪ್ರಸಾದ್ ಸರ್‌ಗೆ ಪತ್ರ ಬರೆಯಲು ಬೆಳಗಿನಿಂದ ಕುಳಿತಿದ್ದೇನೆ. ಮತ್ತೆ ಮತ್ತೆ ಹರಿದೆ. ಬರೆಯಬೇಕಾದದ್ದು ಒಂದೇ ವಾಕ್ಯ. ಈ ದಿನಚರಿಯಲ್ಲಾದರೂ ಬರೆದು ನೋಡುತ್ತೇನೆ.

ಮಾನ್ಯರೇ, ಅಂದು ನನಗೆ ಆ ಸೂತ್ರ—